ಮಹದೇವಪ್ರಸಾದನ ಬೆಳ್ಳಿ ಕರಡಿಗೆ

ಕಬ್ಬಿಣವನ್ನು ಮುಟ್ಟದೆಯೇ ಕರಗಿಸುವ ಗಂಡು ತನ್ನ ಮಗ ಎಂದು ಪಾರ್ವತಮ್ಮ ವಿಜಯನಗರದ ಬೀದಿ ಬೀದಿಗೂ ಡಂಗುರ ಹೊಡೆದಿದ್ದರು. ಮಾತು ಪೂರಾ ಸುಳ್ಳಲ್ಲ. ಮಹದೇವಪ್ರಸಾದ್ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಸದಾಶಿವಯ್ಯನವರ ಫೌಂಡ್ರಿಯಲ್ಲಿ ಇಂಜಿನಿಯರ್. ಅಲ್ಲಿನ ಕುಲುಮೆಗೆ ಇದ್ದಿಲು ಬೇಡ, ಬೆಂಕಿ ಬೇಡ. ಸುತ್ತಲಿನ ತಾಮ್ರದ ಸುರುಳಿಯಲ್ಲಿ ಕರೆಂಟು ಹರಿದರೆ ಅದರ ಅಯಸ್ಕಾಂತ ಶಕ್ತಿಗೆ ಒಳಗಿನ ಗುಜರಿ ಕಬ್ಬಿಣ ತಾನಾಗಿ ಕಾದು ನೀರಾಗುತ್ತದೆ. ಅದೇ ಕುಲುಮೆಯನ್ನು ಅವನು ಕಂಪ್ಯೂಟರಿನೊಳಗೆ ಲೆಕ್ಕದಲ್ಲೇ ಕಟ್ಟಿ, ಲೆಕ್ಕದಲ್ಲೇ ಕರಗಿಸುತ್ತಿದ್ದ.

ತೊಂಬತ್ತೆಂಟನೇ ಇಸವಿಯ ಕಂಪ್ಯೂಟರು ಅದು. ಎತ್ತಿನ ಗಾಡಿಯೇ ವಾಸಿ. ಲೆಕ್ಕದಲ್ಲಿ ಕುಲುಮೆಯ ಸುತ್ತ ಜಾಗ ಹೆಚ್ಚು ಕೊಟ್ಟರೆ ಉಸ್ಸೆಂದು ಕೂತುಬಿಡುತ್ತಿತ್ತು. ಮಹದೇವಪ್ರಸಾದ್ ಜಾಣ. ಸುರುಳಿಯ ಬೆನ್ನಿಗೇ ಒಂದು ಗೆರೆ ಎಳೆದು, ‘ಅಯಸ್ಕಾಂತದ ಆಟ ಇಲ್ಲಿಗೆ ಮುಗಿಯಿತು, ಆಚೆ ಏನೂ ಇಲ್ಲ’ ಎಂದು ಅಪ್ಪಣೆ ಕೊಟ್ಟ. ಕಂಪ್ಯೂಟರು ತುಟಿಪಿಟಿಕ್ಕೆನ್ನದೆ ಒಪ್ಪಿಕೊಂಡಿತು.

ನಿಜವಾದ ಕುಲುಮೆ ಒಪ್ಪಲಿಲ್ಲ. ಲೆಕ್ಕದ ಹೊತ್ತು ಮೀರಿ ಎಷ್ಟೋ ಹೊತ್ತಾದ ಮೇಲೆ ಕಬ್ಬಿಣ ಕರಗಿತು. ಸದಾಶಿವಯ್ಯ ಕನ್ನಡಕ ಒರೆಸಿಕೊಂಡರು.

“ನೋಡಪ್ಪಾ, ನಿನ್ನ ಲೆಕ್ಕ ನಂಬಿ ಹೊಸ ಕುಲುಮೆ ಮಾಡ್ಸೋಣ ಅಂತಿದ್ದೆ. ಇನ್ನೊಂದು ಸಲ ಕರಗಿಸ್ತೀವಿ. ತಪ್ಪೆಲ್ಲಿದೆ ಅಂತ ತೋರಿಸ್ಬುಟ್ರೆ ಸರಿ. ಇಲ್ದಿದ್ರೆ ಈ ಕಂಪ್ಯೂಟರ್ ಆಟ ಸಾಕು, ನಾಳೆಯಿಂದ ನೀನು ಸೇಲ್ಸಿಗೆ ಹೋಗು.”

ಅಂಗಡಿ ಅಂಗಡಿ ಅಲೆದು ಪಂಪಿನ ಬಿಡಿಭಾಗ ಮಾರುವುದೇ? ಮಹದೇವಪ್ರಸಾದನ ಜೀವವೆಲ್ಲ ಪರದೆಯ ಮೇಲಿನ ಆ ಬಣ್ಣಬಣ್ಣದ ಕುಲುಮೆಯಲ್ಲಿತ್ತು.

ಕುಲುಮೆಯ ಹತ್ತಿರ ಹೋಗುವವರು ಮೈಮೇಲಿನ ಲೋಹವನ್ನೆಲ್ಲ ಕಳಚಿಡಬೇಕೆಂಬುದು ಅಲ್ಲಿನ ಕಟ್ಟಳೆ. ಅವನು ಉಂಗುರ, ವಾಚು ಬಿಚ್ಚಿಟ್ಟ. ಕೊರಳಿನ ಬೆಳ್ಳಿ ಕರಡಿಗೆ ಮಾತ್ರ ಷರಟಿನೊಳಗೇ ಉಳಿಯಿತು. ಅದರೊಳಗಿರುವುದು ಇಷ್ಟಲಿಂಗ, ಉಸಿರಿರುವ ತನಕ ಮೈಯಿಂದ ಇಳಿಸುವಂಥದ್ದಲ್ಲ. ಅದೂ ಲೋಹವೇ ಎಂದು ಅವನಿಗೆ ಹೊಳೆಯಲೇ ಇಲ್ಲ.

ಕುಲುಮೆ ಗುಂಯ್‌ಗುಟ್ಟತೊಡಗಿತು. ತಪ್ಪು ಗುಜರಿಯದೋ ಕರೆಂಟಿನದೋ ಎಂದು ಅವನು ಸುರುಳಿಯ ಪಕ್ಕಕ್ಕೇ ಬಗ್ಗಿ ನೋಡಿದ. ಎದೆ ಬೆಚ್ಚಗಾಯಿತು. ಆಮೇಲೆ ಚುರ್ರೆಂದಿತು. “ಶಿವ ಶಿವಾ!” ಎಂದು ಎದೆ ಹಿಡಿದುಕೊಂಡು ಹಿಂದಕ್ಕೆ ಹಾರಿದ.

“ಅಯ್ಯೋ, ಹಾರ್ಟು ಕಣ್ರೀ! ಆಟೋ ಕರೀರಿ!” ಎಂದು ಕುಲುಮೆ ನಡೆಸುವ ಚಿಕ್ಕಮಾದಯ್ಯ ಸ್ವಿಚ್ಚು ಆರಿಸಿ ಓಡಿಬಂದ.

ಸದಾಶಿವಯ್ಯನವರ ಮುಖ ಬಿಳುಚಿತು. “ಸೇಲ್ಸಿಗೆ ಹೋಗ್ಬೇಡ ಕಣಪ್ಪಾ, ಸುಮ್ನೆ ಅಂದೆ!”

ಮಹದೇವಪ್ರಸಾದ್ ನೆಲದ ಮೇಲೆ ಕೂತು, ಕರಡಿಗೆಯನ್ನು ಹೊರಗೆಳೆದು, ನಗುತ್ತಿದ್ದ. “ಹಾರ್ಟಲ್ಲ ಸಾರ್, ಬೆಳ್ಳಿ ಕಾದಿದೆ! ಸುರುಳಿಯಾಚೆ ಏನೂ ಇಲ್ಲ ಅಂತ ಗೆರೆ ಎಳೆದಿದ್ದೆ. ಅಯಸ್ಕಾಂತ ಇಲ್ಲೀಗಂಟ ಬಂದ್ಬುಟ್ಟಿದೆ ನೋಡಿ! ನನ್ನ ಕರಡಿಗೇನೇ ಬಿಡದೇ ಇದ್ದದ್ದು ಕುಲುಮೆ ಹೊತ್ತಿರೋ ಉಕ್ಕಿನ ಚೌಕಟ್ಟನ್ನ ಬಿಡುತ್ತಾ? ಕಬ್ಬಿಣಕ್ಕೆ ಕೊಟ್ಟ ಕರೆಂಟನ್ನ ಅದೂ ತಿಂತಿದೆ!”

ಸದಾಶಿವಯ್ಯ ಚೌಕಟ್ಟಿನ ಹತ್ತಿರ ಕೈ ಒಯ್ದು ಸರಕ್ಕನೆ ಹಿಂದೆಳೆದುಕೊಂಡರು. “ಹೌದಲ್ಲೋ! ಹೋಗು, ಮೊದಲು ಆ ಗೆರೆ ಅಳಿಸು.”

ಗೆರೆ ದೂರ ಸರಿಯಿತು, ಚೌಕಟ್ಟೂ ಲೆಕ್ಕದೊಳಗೆ ಬಂತು. ಕಂಪ್ಯೂಟರು ದಿನಗಟ್ಟಲೆ ಏದುಸಿರು ಬಿಟ್ಟು, ಕೊನೆಗೆ ಕುಲುಮೆ ಹೇಳಿದ್ದನ್ನೇ ಹೇಳಿತು. ಅವನಿಗೆ ಕುಣಿಯುವಷ್ಟು ಖುಷಿ.

ಪಾರ್ವತಮ್ಮ ಮಾತ್ರ ಮಗನ ಎದೆಯ ಕೆಂಪು ಕಲೆ ನೋಡಿ ಗದರಿದರು. “ಶಿವ ಎದೆ ಮೇಲೇ ಕೂತು ಹೇಳ್ಬೇಕಾಯ್ತಲ್ಲೋ ನಿಂಗೆ!” ಬಿಳಿ ವಸ್ತ್ರವೊಂದನ್ನು ತಂದುಕೊಟ್ಟರು. ಮಾರನೆಯ ಬೆಳಿಗ್ಗೆ ಪೂಜೆಯಾದ ಮೇಲೆ ಲಿಂಗ ಅದರಲ್ಲೇ ಕೊರಳೇರಿತು. ಕರಡಿಗೆ ಹಬ್ಬಹರಿದಿನಕ್ಕೆಂದು ಬೀರು ಸೇರಿತು.

ಅಂದಿನಿಂದ ಯಾವ ಲೆಕ್ಕಕ್ಕೆ ಗುಂಡಿ ಒತ್ತುವಾಗಲೂ ಅವನು ಮೊದಲು ಎದೆ ಮುಟ್ಟಿಕೊಳ್ಳುತ್ತಾನೆ. ನೋಡಿದವರು ಎಂಥ ಭಕ್ತಿ ಎನ್ನುತ್ತಾರೆ. ಭಕ್ತಿಯೇನೋ ಇದೆ, ಕಣ್ಣು ಮಾತ್ರ ಗೆರೆಯ ಮೇಲಿರುತ್ತದೆ.