ರೆಕ್ಕೆಯ ಮೇಲಿನ ವಿಭೂತಿ

ಜಹೀರಾಬಾದಿನ ಮನ್ಮಥಪ್ಪ ಮದುವೆ ಟ್ರಂಕುಗಳಿಗೆ ಬಣ್ಣ ಬಳಿಯುವವನು. ಟ್ರಂಕಿನ ಮೇಲೆ ಗುಲಾಬಿ, ಗಿಳಿಗಳ ನೀರಛಾಪಾ ಅಂಟಿಸುವುದರಲ್ಲಿ ಅವನ ಕೈಗೆ ಸರಿಸಾಟಿ ಇರಲಿಲ್ಲ. ಛಾಪಾದ ಕಾಗದ ನೀರಲ್ಲಿ ನೆನೆಸಿದರೆ ಮೇಲಿನ ಚಿತ್ರ ಈರುಳ್ಳಿ ಪೊರೆಯಂತೆ ಸಡಿಲಾಗುತ್ತದೆ. ಅದನ್ನು ಬೆರಳಲ್ಲಿ ಜಾರಿಸಿ ಕೂರಿಸಬೇಕು, ಒಣಗಿದ ಮೇಲೆ ವಾರ್ನಿಶ್ ಬಳಿದು ಭದ್ರಪಡಿಸಬೇಕು. ವಾರ್ನಿಶ್ ಬೀಳುವ ತನಕ ಮಾತ್ರ ಅದು ಮಹಾ ಹಟಮಾರಿ. ಒರೆಸಲು ಹೋದಿರೋ, ಚಿತ್ರವೇ ಬಟ್ಟೆಗೆ ಬಂತು!

ಎರಡನೇ ಮಹಾಯುದ್ಧದ ಕಾಲ. ಊರ ಠಾಣೆಯ ಅಧಿಕಾರಿ, ಪೊಲೀಸ್ ಅಮೀನ್ ಸಾಹೇಬರು ಒಂದು ದಿನ ಮೊಳದುದ್ದದ ಮರದ ವಿಮಾನವನ್ನು ಎದೆಗವಚಿಕೊಂಡು ಅವನ ಮನೆಗೆ ಅಂಟಿದ ಅಂಗಡಿಗೆ ಬಂದರು. ಅದನ್ನು ಕೆತ್ತಿದವನು ಅವರ ಮಗ ಮುನೀರ್. ವಿಮಾನಪಡೆಗೆ ಸೇರಿದ ಹುಡುಗ, ರಜೆ ಮುಗಿದಾಗ ಅರ್ಧಕ್ಕೇ ಬಿಟ್ಟು ಹೋಗಿದ್ದ. ಅಂಟಿಸುವ ಛಾಪಾಗಳನ್ನು ಆಮೇಲೆ ಬರ್ಮಾ ಕಡೆಯಿಂದ ಕಳಿಸಿದ್ದ. ಅದರ ನಂತರ ಅವನ ಸುದ್ದಿಯೇ ಇಲ್ಲ.

"ಇವು ಮತ್ತ ಸಿಗಂಗಿಲ್ಲ ಮನ್ಮಥಪ್ಪ. ಹರದ್ರ ನಿನ್ನ ಕೈ ಮುರೀತೀನಿ," ಎಂದರು. ಊರನ್ನೇ ನಡುಗಿಸುವ ಆಸಾಮಿಯ ದನಿಯೇ ನಡುಗುತ್ತಿತ್ತು.

ಮನ್ಮಥಪ್ಪ ಉಸಿರು ಬಿಗಿಹಿಡಿದು ಕೂತ. ಬೇಸಿಗೆಯ ಝಳಕ್ಕೆ ಗೋಂದು ಬೇಗ ಆರುತ್ತಿತ್ತು. ವಿಮಾನಪಡೆಯ ಗುರುತಾದ ನೀಲಿ ಚಕ್ರ ರೆಕ್ಕೆಯ ಮೇಲೆ ಜಾರುವಾಗ ಅಂಚು ಮಡಚಿಕೊಂಡಿತು. "ಸತ್ನೆಪ್ಪಾ!" ಎಂದು ಬೆರಳು ತೋಯಿಸಿ ಮೆಲ್ಲಗೆ ಬಿಡಿಸಿದ. ನಡುವೆ ಎದ್ದ ಗುಳ್ಳೆಗೆ ಜಾಲಿಮುಳ್ಳು ಚುಚ್ಚಿ, ಒದ್ದೆ ಅರಿವೆಯಿಂದ ಒತ್ತಿದ. ಕಡೆಗೂ ಎಲ್ಲ ಕೂತವು. ಒಣಗಲು ಬಿಟ್ಟು ಸ್ನಾನಕ್ಕೆ ಹೋದ.

ಮರಳಿ ಬಂದು ನೋಡಿದರೆ ಚಕ್ರದ ಮೇಲೆಯೇ ಮೂರು ಬೆರಳಿನ ವಿಭೂತಿ!

ಹೊಸ ವಸ್ತು ಏನೇ ಇರಲಿ, ಮನೆ ಬಿಟ್ಟು ಹೋಗುವ ಮೊದಲು ಅದಕ್ಕೆ ವಿಭೂತಿ ಹಚ್ಚುವುದು ಆ ಮನೆಯ ಪದ್ಧತಿ. ಟ್ರಂಕಾದರೆ ವಾರ್ನಿಶ್ ಆದ ಮೇಲೆ ಹಚ್ಚುತ್ತಿದ್ದರು. ಹೊಳೆಯುವ ಬಣ್ಣ ಕಂಡ ಹೆಂಡತಿ ಸುಗಲಾಬಾಯಿ ಕೆಲಸ ಮುಗಿಯಿತೆಂದು ತಿಳಿದಿದ್ದಳು.

"ನಿನ್ನ ಕೈ ಸೇದಿಹೋಗ್ಲಿ! ನನ್ನ ಮುಳುಗಿಸಿದಿ!" ಎಂದು ಮನ್ಮಥಪ್ಪ ಬೀದಿಗೆ ಕೇಳುವಂತೆ ಕೂಗಿದ. ಆಕೆ ಒಳಗೆ ಹೋದಳು.

ಒರೆಸಿದರೆ ಚಕ್ರ ಹೋಗುತ್ತದೆ, ಬಿಟ್ಟರೆ ಬೂದಿ ಕಾಣುತ್ತದೆ. ಬೇರೆ ದಾರಿಯಿಲ್ಲದೆ ಬೂದಿಯ ಮೇಲೆಯೇ ವಾರ್ನಿಶ್ ಎಳೆದ. ಅರೆರೆ, ಗೆರೆಗಳು ಕಣ್ಮರೆಯಾದವು! ಎಣ್ಣೆ ಕುಡಿದ ಬೂದಿ ಗಾಜಿನಂತೆ ತಿಳಿಯಾಗಿತ್ತು. ಆದರೆ ಆರುತ್ತ ಆರುತ್ತ ಒಂದೊಂದೇ ಗೆರೆ ಮಸುಕಾಗಿ ಮತ್ತೆ ಮೇಲೆದ್ದಿತು.

ಒಯ್ಯಲು ಬಂದ ಅಮೀನ್ ಸಾಹೇಬರು ವಿಮಾನವನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದರು. ಕೈ ಅಲ್ಲಿಗೇ ನಿಂತಿತು.

"ಇದೇನು? ಯಾರು ಹಚ್ಚಿದ್ದು?"

"ನಾನೇ ರೀ ಸಾಹೇಬ್ರ," ಎಂದ ಮನ್ಮಥಪ್ಪ.

"ಸುಳ್ರಿ. ನಾ ಹಚ್ಚೀನಿ," ಎನ್ನುತ್ತ ಸುಗಲಾಬಾಯಿ ಹೊಸ್ತಿಲಿಗೆ ಬಂದಳು. "ಮನಿ ಬಿಟ್ಟು ಹೋಗೂದು ಎಲ್ಲೇ ಇರ್ಲಿ, ಸುಖದಿಂದ ಇರ್ಲಿ ಅಂತ ಹಚ್ತೀವ್ರಿ. ತಪ್ಪಾತು."

ಸಾಹೇಬರು ವಿಮಾನವನ್ನು ಕಣ್ಣಿನ ಹತ್ತಿರ ತಂದರು. ಹೆಬ್ಬೆರಳು ಆ ಗೆರೆಗಳ ಮೇಲೆ ಓಡಾಡುತ್ತಿತ್ತು.

"ಫೌಜಿಗೆ ಹೋಗಬ್ಯಾಡ ಅಂದಿದ್ದೆ, ಕೇಳ್ಲಿಲ್ಲ. ಹೋಗೂ ದಿನ ಬಾಗಿಲದಾಗ ನಿಂತು ಅಬ್ಬಾ, ಅಬ್ಬಾ ಅಂತ ಕರದ. ನಾ ಸಿಟ್ಟಿನಾಗ ಒಳಗ ಕುಂತಿದ್ದೆ," ಎಂದರು. "ಖುದಾ ಹಾಫಿಜ್, ದೇವ್ರು ಕಾಯ್ಲಿ ಅಂತ ಸೈತ ಅನ್ಲಿಲ್ಲಮ್ಮ."

ವಿಮಾನವನ್ನು ರುಮಾಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ನಡೆದೇ ಹೋದರು. ಅವರು ಏರಿ ಬಂದಿದ್ದ ಸೈಕಲ್ಲು ಅಂಗಡಿಯ ಮುಂದೆಯೇ ಉಳಿಯಿತು.

ಮನ್ಮಥಪ್ಪ ಅವತ್ತು ಹೆಂಡತಿಯ ಮುಖ ನೋಡಲಾರದೆ ತಲೆ ತಗ್ಗಿಸಿಯೇ ಉಂಡ. ಮರುದಿನ ಯಾರದೋ ಮದುವೆಯ ಟ್ರಂಕಿಗೆ ಗಿಳಿ ಅಂಟಿಸಿದವನು ವಾರ್ನಿಶ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿ ನಿಲ್ಲಿಸಿದ.

"ಸುಗಲಾ," ಎಂದು ಒಳಗೆ ಕರೆದ. "ಮೊದ್ಲ ನಿನ್ನ ವಿಭೂತಿ ತಾ."