ಸದ್ದು ಮಾಡದ ಟ್ರೆಡ್‌ಮಿಲ್

ನನ್ನ ಸೋದರಮಾವ ಜಿಮ್ ಮಿಷಿನ್‌ಗಳ ಮೆಕ್ಯಾನಿಕ್. ಟ್ರೆಡ್‌ಮಿಲ್, ನಿಂತಲ್ಲೇ ತುಳಿಯುವ ಸೈಕಲ್, ಕ್ರಾಸ್ ಟ್ರೈನರ್, ನೀರಿಲ್ಲದೆ ಹುಟ್ಟು ಹಾಕುವ ರೋವಿಂಗ್ ಮಿಷಿನ್, ಎಲ್ಲಕ್ಕೂ ಅವನೇ ವೈದ್ಯ. ತಾನು ಮಾತ್ರ ಒಂದನ್ನೂ ಹತ್ತಿದವನಲ್ಲ. "ಅಡುಗೆ ಮಾಡೋನಿಗೆ ಹಸಿವಿರಲ್ಲ ಕಣೇ," ಎಂದು ಹೊಟ್ಟೆ ಸವರಿಕೊಳ್ಳುತ್ತಾನೆ. ಅವನನ್ನು ಏನು ಬೇಕಾದರೂ ಅನ್ನಿ, ನಗುತ್ತಾನೆ. ಅವನು ರಿಪೇರಿ ಮಾಡಿದ ಮಿಷಿನ್ ಸದ್ದು ಮಾಡುತ್ತದೆ ಅಂದಿರೋ, ಮುಗಿಯಿತು. ಹಾಗಂದ ವಕೀಲರೊಬ್ಬರನ್ನು ನೆಲಕ್ಕೆ ಕೂರಿಸಿ, ಮೋಟರಿಗೆ ಕಿವಿ ಇಡಿಸಿ, "ಈಗ ಹೇಳಿ ಸ್ವಾಮಿ," ಎಂದಿದ್ದ.

ಇಂಥವನು ನಮ್ಮ ಬೀದಿಯ ಜಿಮ್ಮಿನಲ್ಲಿ ಒಂದು ಟ್ರೆಡ್‌ಮಿಲ್ಲನ್ನು ಬೇಕೆಂದೇ ಕೆಟ್ಟಿರಲಿ ಎಂದು ಬಿಟ್ಟಿದ್ದ. ಕಾರಣ ನನ್ನ ಅಮ್ಮ ಮತ್ತು ಚಿಕ್ಕಮ್ಮ.

ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇರುವ ಈ ವಾರಗಿತ್ತಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ಯಾವುದೋ ಕುಕ್ಕರಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಕುಕ್ಕರ್ ಗುಜರಿಗೆ ಹೋದರೂ ಜಗಳ ಹೊಸದಾಗಿಯೇ ಉಳಿಯಿತು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುವರು. ಸಕ್ಕರೆ ಕಾಯಿಲೆ ಮಾತ್ರ ಭೇದ ಮಾಡದೆ ಇಬ್ಬರನ್ನೂ ಹಿಡಿಯಿತು. ಡಾಕ್ಟರು ನಡೆಯಿರಿ ಅಂದರು, ಇಬ್ಬರೂ ಆ ಜಿಮ್ಮಿಗೇ ಸೇರಿದರು. ಜಿಮ್ಮಿನ ಮೂರು ಟ್ರೆಡ್‌ಮಿಲ್‌ಗಳಲ್ಲಿ ಫ್ಯಾನಿನ ಕೆಳಗಿನದು ಕೆಟ್ಟಿತ್ತು. ಉಳಿದೆರಡು ಅಕ್ಕಪಕ್ಕದಲ್ಲಿದ್ದವು.

ಮಾಮ ರಿಪೇರಿಗೆ ಬಂದ ಬೆಳಿಗ್ಗೆ ಅಮ್ಮ ಗಾಳಿಗೆ ಹೇಳುವಂತೆ, "ಕಾಲು ಎಳ್ಕೊಂಡು ನಡೆದ್ರೆ ಬೀಳ್ತಾರೆ," ಅಂದಳು.

ಚಿಕ್ಕಮ್ಮನೂ ಗಾಳಿಗೇ, "ಬಿದ್ರೆ ನಗೋರು ಪಕ್ಕದಲ್ಲೇ ಇದಾರಲ್ಲ," ಅಂದಳು.

ಬೇರೆಲ್ಲಾದರೂ ಆಗಿದ್ದರೆ ಒಬ್ಬರು ಟವೆಲ್ ಕೊಡವಿ ಹೊರಟುಬಿಡುತ್ತಿದ್ದರು. ಟ್ರೆಡ್‌ಮಿಲ್ ಮೇಲೆ ಎಷ್ಟು ಸಿಟ್ಟಿನಿಂದ ನಡೆದರೂ ಇದ್ದಲ್ಲೇ ಇರಬೇಕು! ಮಾಮ ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಮಾಲೀಕನಿಗೆ, "ಪಾರ್ಟ್ ಬಂದಿಲ್ಲ," ಅಂದ.

ಪಾರ್ಟ್ ಬರಲೇ ಇಲ್ಲ. ಗಾಳಿಗೆ ಆಡುವ ಮಾತು ಮಾತ್ರ ಬೆಳೆಯಿತು: ಮಂಡಿನೋವು, ಮಕ್ಕಳ ಸೋಮಾರಿತನ, ಗಂಡಂದಿರ ಗೊರಕೆ. ಮನೆಗೆ ಬಂದರೆ ಮತ್ತೆ ಗೋಡೆಯೇ. ಮಾಮನಿಗೆ ತನ್ನ ಅಕ್ಕನ ಈ ಒಂಟಿತನ ಸಹಿಸಲಾಗುತ್ತಿರಲಿಲ್ಲ. "ನಿನ್ನ ಚಿಕ್ಕಮ್ಮ ಮೊದಲಿನ ಹಾಗೆ ಒಂದೇ ಸಲ 'ಅಕ್ಕ' ಅನ್ಲಿ, ಮಾರನೇ ದಿನವೇ ಮಿಷಿನ್ ರೆಡಿ," ಎಂದು ನನ್ನ ಕಿವಿಯಲ್ಲಿ ಹೇಳಿದ್ದ.

ಅಷ್ಟರಲ್ಲಿ ಮಾಲೀಕ ರೇಗಿದ. "ನಾಳೆ ಓಡದಿದ್ರೆ ಬೇರೆ ಮೆಕ್ಯಾನಿಕ್ ಕರೆಸ್ತೀನಿ."

ಮಾಮ ಮುಖ ಸಣ್ಣದು ಮಾಡಿಕೊಂಡು ರಿಪೇರಿ ಮುಗಿಸಿದ.

ಮರುದಿನ ಅಮ್ಮ ಆಗಲೇ ನಡೆಯುತ್ತಿದ್ದಳು. ಚಿಕ್ಕಮ್ಮ ಬಂದವಳೇ ನೇರವಾಗಿ ಫ್ಯಾನಿನ ಕೆಳಗಿನದನ್ನು ಹತ್ತಿದಳು. ಸೈಕಲ್ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಅಮ್ಮ ಗೋಡೆ ನೋಡಿದಳು. ಮಿಷಿನ್ ಓಡಿಸಿ ತೋರಿಸಲು ಬಂದಿದ್ದ ಮಾಮ ಚೀಲದಲ್ಲಿ ಇಲ್ಲದ ಸ್ಕ್ರೂ ಹುಡುಕತೊಡಗಿದ.

ಬೆಲ್ಟ್ ಬೆಣ್ಣೆಯಂತೆ ಸರಿಯಿತು, ಚೂರೂ ಸದ್ದಿಲ್ಲ. ಚಿಕ್ಕಮ್ಮ ನಾಲ್ಕು ಹೆಜ್ಜೆ ಹಾಕಿ, ಆರಿಸಿ, ಇಳಿದು ಬಂದು ಅಮ್ಮನ ಪಕ್ಕದ್ದನ್ನು ಹತ್ತಿದಳು.

"ಅದು ಸಿಕ್ಕಾಪಟ್ಟೆ ಸದ್ದು ಮಾಡುತ್ತೆ, ಅಕ್ಕ."

"ಹೂಂ, ಇಲ್ಲಿಗೇ ಕೇಳಿಸ್ತಿತ್ತು," ಅಂದಳು ಅಮ್ಮ.

ನಾನು ಹೆದರಿ ಮಾಮನನ್ನು ನೋಡಿದೆ. ಮೂಗು ಕೆಂಪಾಗಿತ್ತು, ಕಣ್ಣೂ.

"ಹೌದು ತಾಯಿ, ಸ್ವಲ್ಪ ಸದ್ದಿದೆ," ಅಂದ.