ದೊಡ್ಡಪ್ಪ ತೊಳೆದ ಸಂಗೀತ

ಅಂಟುವಾಳದ ನೊರೆಯ ವಾಸನೆ ಎಲ್ಲಿ ಬಂದರೂ ನನಗೆ ಬೀಜಾಡಿಯ ನಮ್ಮ ಮನೆಯ ಜಗಲಿ ನೆನಪಾಗುತ್ತದೆ. ಬೇರೆಯವರ ಮನೆಯಲ್ಲಿ ಅದರಿಂದ ಬೆಳ್ಳಿ ತೊಳೆಯುತ್ತಿದ್ದರು, ನಮ್ಮಲ್ಲಿ ಸಂಗೀತ ತೊಳೆಯುತ್ತಿದ್ದರು. ದೊಡ್ಡಪ್ಪ ಮುಂಬೈಯ ಹೋಟೆಲು ಕೆಲಸ ಬಿಟ್ಟು ಬರುವಾಗ, ಗಿರಾಕಿಯೊಬ್ಬರು ಮನೆ ಖಾಲಿ ಮಾಡುತ್ತ ಕೊಟ್ಟಿದ್ದ ಒಂದು ಪೆಟ್ಟಿಗೆ ಹಳೆಯ ಗ್ರಾಮಾಫೋನ್ ತಟ್ಟೆಗಳನ್ನು ಹೊತ್ತು ತಂದಿದ್ದರು. ಎಲ್ಲವೂ ವಿಲಾಯತಿ ವಾದ್ಯವೃಂದದವು. ಹತ್ತಾರು ಪಿಟೀಲುಗಳು ಒಟ್ಟಿಗೆ ಏಳುವ ಸಂಗೀತ. ಕಡಲಗಾಳಿಗೆ ಅವಕ್ಕೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ದೊಡ್ಡಪ್ಪ ತೊಳೆದು, ಹಳೆ ಪಂಚೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿ, ಚಟಪಟ ಸದ್ದನ್ನೆಲ್ಲ ಅಕ್ಕಿಯ ಕಲ್ಲು ಆರಿಸಿದಂತೆ ಒಂದೊಂದಾಗಿ ತೆಗೆಯುತ್ತಿದ್ದರು. ಅಪ್ಪ ಅಮ್ಮ ಮುಂಬೈಯಲ್ಲಿದ್ದುದರಿಂದ ದೊಡ್ಡಪ್ಪನ ಮನೆಯಲ್ಲಿ ಬೆಳೆಯುತ್ತಿದ್ದ ನನಗೆ ಅದನ್ನು ಕೇಳುತ್ತ ಕೂರುವುದೇ ಒಂದು ಜೊತೆ. ಆಗೆಲ್ಲ ದೊಡ್ಡಮ್ಮನೂ ಹರಿವೆ ಸೊಪ್ಪು ಸೋಸುತ್ತ ಬಾಗಿಲಲ್ಲಿ ಕೂರುತ್ತಿದ್ದಳು. ಒಳ್ಳೆಯ ಜಾಗ ಬಂದಾಗ ಅವಳ ಕೈ ತಾನಾಗಿ ನಿಲ್ಲುತ್ತಿತ್ತು.

ನಾನು ಹೈಸ್ಕೂಲು ಸೇರುವ ಹೊತ್ತಿಗೆ ಆ ಪಿಟೀಲುಗಳು ಕಿವಿ ಕೊರೆಯತೊಡಗಿದವು. ದೊಡ್ಡಪ್ಪ ಕಂಪ್ಯೂಟರಿನಲ್ಲಿ ಪ್ರತಿ ಸಲವೂ ಮೇಲಿನ ಸ್ವರಗಳನ್ನು ಇನ್ನಷ್ಟು ಏರಿಸುತ್ತಿದ್ದರು. "ಕೇಣ್ ಹೆಣೆ, ಈಗ ಹ್ಯಾಂಗಿತ್ತ್? ಕನ್ನಡಿ ಒರ್ಸಿದಾಂಗ್ ಆಯ್ತಲ್ದಾ?" ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ 'ಹೆಣೆ' ಎಂದು. ಅವರ ಮುಖದಲ್ಲಿ ಮದುಮಗನ ಕಳೆ. ನಾನು ಹಲ್ಲು ಕಚ್ಚಿ ಹೂಂ ಅನ್ನುತ್ತಿದ್ದೆ. ದೊಡ್ಡಮ್ಮ ಕೊಡಪಾನ ಎತ್ತಿಕೊಂಡು ಬಾವಿಕಟ್ಟೆಗೆ ನಡೆದುಬಿಡುತ್ತಿದ್ದಳು. ಅಲ್ಲೇ ಒಮ್ಮೆ ನನ್ನ ಕೈ ಹಿಡಿದು, "ಅವ್ರ ಕೆಮಿ ಮಂದ ಆತಾ ಇತ್ತ್ ಹೆಣೆ. ಹೇಳ್ಬೇಡ. ಅವ್ರಿಗೆ ಇಪ್ಪುದ್ ಇದೊಂದೇ" ಎಂದಳು. ಪಾಪ, ಮೇಲಿನ ಸ್ವರಗಳೇ ತಮ್ಮ ಕಿವಿಗೆ ಬೀಳುತ್ತಿಲ್ಲವೆಂದು ದೊಡ್ಡಪ್ಪನಿಗೆ ಎಲ್ಲಿ ಗೊತ್ತು? "ಅವ್ಳಿಗೆ ಇದ್ ರುಚ್ಸುದಿಲ್ಲ" ಎಂದು ಬಂದವರೆದುರು ನಗುತ್ತಿದ್ದರು. ಆದರೆ ಸಂಗೀತ ಮುಗಿಯುವವರೆಗೂ ಅವರ ಕಣ್ಣು ದೊಡ್ಡಮ್ಮ ಕೂರುತ್ತಿದ್ದ ಬಾಗಿಲ ಮೇಲೆಯೇ ಇರುತ್ತಿತ್ತು. ದೊಡ್ಡಮ್ಮ ಅರಸಿಕಳೆಂಬ ಹೆಸರನ್ನು ಹೊತ್ತುಕೊಂಡಳು. ಅವರು ಒಳಗೆ ಒಬ್ಬರೇ, ಇವಳು ಹೊರಗೆ ಒಬ್ಬಳೇ. ವರ್ಷಗಟ್ಟಲೆ ಹಾಗೇ ನಡೆಯಿತು.

ದೊಡ್ಡಪ್ಪ ತೀರಿಕೊಂಡರು, ಮನೆ ಮಾರಿಹೋಯಿತು. ಈಗ ಅಲ್ಲಿ ಪ್ರವಾಸಿಗರ ಕಾಟೇಜುಗಳಿವೆ. ಇಂಥ ಮನೆಯೊಂದನ್ನು ನೀವೂ ಕಳೆದುಕೊಂಡಿದ್ದರೆ, ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನೇಕೆ ಆಚೆ ಬದಿಯ ಕಿಟಕಿಯತ್ತ ನೋಡುತ್ತೇನೆಂದು ನಿಮಗೆ ಹೇಳಬೇಕಾಗಿಲ್ಲ. ಬ್ರಹ್ಮಾವರದ ನನ್ನ ಬಾಡಿಗೆ ಮನೆಗೆ ದೊಡ್ಡಮ್ಮ ಬಂದಿದ್ದಾಗ, ದೊಡ್ಡಪ್ಪ ಮಾಡಿಟ್ಟಿದ್ದ ಸಿಡಿಯೊಂದನ್ನು ಹಾಕಿ, ಮೇಲಿನ ಸ್ವರ ಏರಿಳಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ಇಳಿಸಿದೆ. ಪಿಟೀಲುಗಳು ಮೆತ್ತಗಾದವು. ಅವಳು ಕೊನೆಯವರೆಗೂ ಅಲ್ಲಾಡದೆ ಕೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಅವ್ರಿಗೆ ಹೇಳಿದ್ರೆ ಆತಿತ್ತ್ ಹೆಣೆ. ಎರಡ್ ದಿನ ಬೇಜಾರ್ ಮಾಡ್ಕಂತಿದ್ರ್. ಆಮೇಲೆ ಒಟ್ಟಿಗೆ ಕೂಕಂಡ್ ಕೇಂಬುಕ್ ಆತಿತ್ತ್."